ಶರಾವತಿ ಹಿನ್ನೀರಿನಲ್ಲಿ ಮೊದಲ ನಕ್ಷತ್ರಗಳ ಹುಡುಕಾಟ

ಎಲ್ಲರಿಗೂ ನಮಸ್ಕಾರ.

ಖಗೋಳ ವಿಜ್ಞಾನದ ಹೊಸ ಸುದ್ದಿ ಅಂದ ಕೂಡಲೇ ನಮಗೆ ಜೇಮ್ಸ್ ವೆಬ್ ಟೆಲಿಸ್ಕೋಪ್ ಕಳಿಸಿದ ಬಣ್ಣದ ಚಿತ್ರಗಳು ನೆನಪಾಗುತ್ತವೆ. ಆ ವಿಷಯಕ್ಕೂ ಬರುತ್ತೇನೆ. ಆದರೆ ಇವತ್ತು ಜಾಸ್ತಿ ಹೊತ್ತು ಮಾತಾಡಬೇಕೆಂದಿರುವುದು ಒಂದೇ ಒಂದು ಚಿತ್ರವನ್ನೂ ತೆಗೆಯದ ಪ್ರಯೋಗದ ಬಗ್ಗೆ. ಅದು ನಡೆದದ್ದು ನಮ್ಮ ಕರ್ನಾಟಕದಲ್ಲೇ.

2020ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಒಂದು ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ನೀರಿಗೆ ಬಿಟ್ಟಿತು. ಮೊದಲು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ. ಉಪಕರಣದ ಹೆಸರು ಸರಸ್-3. ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಗುತ್ತದೆಯೇ ಎಂದು ನೋಡುವುದು ಅದರ ಕೆಲಸ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ತಂಡ ಆ ಗುರುತು ಸಿಕ್ಕಿದೆ ಎಂದು ಆಗಲೇ ಹೇಳಿತ್ತು. ಶರಾವತಿಯಲ್ಲಿ ಅದು ಸಿಗಲಿಲ್ಲ. 2022ರ ಫೆಬ್ರವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಅದನ್ನು ಗಮನವಿಟ್ಟು ಓದಿದರು.

ಸಿಗಲಿಲ್ಲ ಅನ್ನುವುದು ಅಷ್ಟು ದೊಡ್ಡ ಸುದ್ದಿ ಯಾಕಾಯಿತು? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದರೆ ಸುಮಾರು 1,380 ಕೋಟಿ ವರ್ಷ.

ನಕ್ಷತ್ರಗಳೇ ಇಲ್ಲದ ಕಾಲ

ಬಿಗ್ ಬ್ಯಾಂಗ್ ಆದ ಮೇಲೆ ವಿಶ್ವ ಹಿಗ್ಗುತ್ತಾ ತಣ್ಣಗಾಗುತ್ತಾ ಬಂತು. ಸುಮಾರು 3,80,000 ವರ್ಷ ಕಳೆದಾಗ ಎಲೆಕ್ಟ್ರಾನ್‌ಗಳೂ ಪ್ರೋಟಾನ್‌ಗಳೂ ಕೂಡಿ ಹೈಡ್ರೋಜನ್ ಪರಮಾಣುಗಳಾದವು. ಅಲ್ಲಿಯವರೆಗೆ ಎಲೆಕ್ಟ್ರಾನ್‌ಗಳಿಗೆ ತಾಕಿ ಚದುರುತ್ತಿದ್ದ ಬೆಳಕಿಗೆ ಆಗ ದಾರಿ ತೆರೆಯಿತು. ಆ ಬೆಳಕು ಇವತ್ತೂ ಎಲ್ಲ ದಿಕ್ಕಿನಿಂದ ನಮ್ಮ ಕಡೆಗೆ ಬರುತ್ತಿದೆ. ಅದನ್ನು ಹಿನ್ನೆಲೆ ವಿಕಿರಣ ಎನ್ನುತ್ತೇವೆ. ಇಷ್ಟು ಕಾಲ ಹಿಗ್ಗಿ ಹಿಗ್ಗಿ ಅದರ ಉಷ್ಣತೆ ಈಗ ಬರೀ 2.7 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ.

ಅದರ ನಂತರ ಕೋಟ್ಯಂತರ ವರ್ಷ ವಿಶ್ವದಲ್ಲಿ ಒಂದು ನಕ್ಷತ್ರವೂ ಇರಲಿಲ್ಲ. ಇದ್ದದ್ದು ಹೈಡ್ರೋಜನ್, ಒಂದಿಷ್ಟು ಹೀಲಿಯಂ ಮತ್ತು ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್. ಎಲ್ಲಿ ವಸ್ತು ಸ್ವಲ್ಪ ಹೆಚ್ಚು ದಟ್ಟವಾಗಿತ್ತೋ ಅಲ್ಲಿಗೆ ಗುರುತ್ವ ಇನ್ನಷ್ಟನ್ನು ಎಳೆದು ತಂದಿತು. ಅನಿಲ ಒತ್ತೊತ್ತಾಗಿ ಸೇರಿತು, ಒಳಗೆ ಬಿಸಿ ಏರಿತು, ಒಂದು ಹಂತದಲ್ಲಿ ಮೊದಲ ನಕ್ಷತ್ರಗಳು ಉರಿಯತೊಡಗಿದವು. ನಮ್ಮ ಮೈಯಲ್ಲಿರುವ ಇಂಗಾಲ, ನಾವು ಉಸಿರಾಡುವ ಆಮ್ಲಜನಕ, ರಕ್ತದಲ್ಲಿರುವ ಕಬ್ಬಿಣ, ಯಾವುದೂ ಅಲ್ಲಿಯವರೆಗೆ ಇರಲಿಲ್ಲ. ಅವೆಲ್ಲ ತಯಾರಾಗಲು ನಕ್ಷತ್ರಗಳು ಹುಟ್ಟಿ ಸಾಯಬೇಕಿತ್ತು. ಈ ಘಟ್ಟ ಯಾವಾಗ ಬಂತು, ಹೇಗೆ ಬಂತು ಎಂದು ತಿಳಿಯುವ ಆಸೆ ನನಗಂತೂ ಬೇರೆಲ್ಲ ಖಗೋಳ ಪ್ರಶ್ನೆಗಳಿಗಿಂತ ದೊಡ್ಡದು.

ಆ ನಕ್ಷತ್ರಗಳನ್ನು ಒಂದೊಂದಾಗಿ ನೋಡಲು ಯಾವ ಟೆಲಿಸ್ಕೋಪ್‌ಗೂ ಆಗುವುದಿಲ್ಲ. ಅವು ಅಷ್ಟು ದೂರ, ಅಷ್ಟು ಮಂಕು. ಆದರೆ ಅವುಗಳ ಸುತ್ತ ತುಂಬಿದ್ದ ಹೈಡ್ರೋಜನ್ ನಮಗೆ ಒಂದು ಸುಳಿವು ಕೊಡಬಲ್ಲದು.

ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡೂ ಪುಟ್ಟ ಅಯಸ್ಕಾಂತಗಳ ಹಾಗೆ ವರ್ತಿಸುತ್ತವೆ. ಎರಡರ ತಿರುಗುವಿಕೆ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಒಂಚೂರು ಜಾಸ್ತಿ, ಎದುರುಬದುರಿದ್ದರೆ ಒಂಚೂರು ಕಡಿಮೆ. ಜಾಸ್ತಿಯಿಂದ ಕಡಿಮೆಗೆ ಇಳಿಯುವಾಗ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊರಬರುತ್ತದೆ. ಅದರ ಕಂಪನಾಂಕ 1,420 ಮೆಗಾಹರ್ಟ್ಸ್. ಒಂಟಿ ಪರಮಾಣು ತಾನಾಗಿಯೇ ಹೀಗೆ ಇಳಿಯಲು ಸರಾಸರಿ ಒಂದು ಕೋಟಿ ವರ್ಷ ಬೇಕು! ಆದರೂ ವಿಶ್ವದಲ್ಲಿ ಹೈಡ್ರೋಜನ್ ಅಷ್ಟೊಂದು ಇರುವುದರಿಂದ ಈ ಅಲೆ ನಮಗೆ ಸಿಗುತ್ತದೆ. ಇಂಥದ್ದೊಂದು ಅಲೆ ಇರಬೇಕು ಎಂದು 1944ರಲ್ಲಿ ಹಾಲೆಂಡಿನ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದರು. ಆಗ ಅವರ ದೇಶ ನಾಜಿಗಳ ಕೈಯಲ್ಲಿತ್ತು. 1951ರಲ್ಲಿ ಹಾರ್ವರ್ಡ್‌ನ ಯುವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದೇಬಿಟ್ಟರು, ಪ್ರಯೋಗಾಲಯದ ಕಿಟಕಿಯಾಚೆ ಚಾಚಿದ ಒಂದು ಕೊಂಬಿನಾಕಾರದ ಆಂಟೆನಾದಿಂದ.

ಈಗ ಮೊದಲ ನಕ್ಷತ್ರಗಳ ಕಾಲಕ್ಕೆ ಬನ್ನಿ. ಆಗ ಹೈಡ್ರೋಜನ್ ಅನಿಲ ತುಂಬಾ ತಣ್ಣಗಿತ್ತು. ಬಿಗ್ ಬ್ಯಾಂಗ್ ಆಗಿ 18 ಕೋಟಿ ವರ್ಷದ ಹೊತ್ತಿಗೆ ಹಿನ್ನೆಲೆ ವಿಕಿರಣ ಸುಮಾರು 49 ಕೆಲ್ವಿನ್ ಇದ್ದರೆ, ಅನಿಲ ಸುಮಾರು 7 ಕೆಲ್ವಿನ್ ಇತ್ತು ಎಂದು ಲೆಕ್ಕ ಹೇಳುತ್ತದೆ. ಅನಿಲ ಇಷ್ಟು ತಣ್ಣಗಿದ್ದರೂ ಪರಮಾಣುಗಳ ಆ ತಿರುಗುವಿಕೆ ಮಾತ್ರ ಹಿನ್ನೆಲೆ ವಿಕಿರಣಕ್ಕೇ ಹೊಂದಿಕೊಂಡಿತ್ತು. ಹಾಗಾಗಿ ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಮೊದಲ ನಕ್ಷತ್ರಗಳ ನೇರಳಾತೀತ ಬೆಳಕು ಬಿದ್ದಾಗ ಪರಿಸ್ಥಿತಿ ಬದಲಾಯಿತು. ಆ ಬೆಳಕು ಪರಮಾಣುಗಳನ್ನು ಕದಲಿಸಿ, ಅವುಗಳ ತಿರುಗುವಿಕೆಯನ್ನು ಅನಿಲದ ತಣ್ಣನೆಯ ಉಷ್ಣತೆಗೆ ತಂದು ಜೋಡಿಸಿತು. ತಣ್ಣಗಿನ ಅನಿಲ ಹಿನ್ನೆಲೆ ವಿಕಿರಣವನ್ನು ಹೀರತೊಡಗಿತು. ಅಂದರೆ ಆಕಾಶದ ರೇಡಿಯೋ ಉಷ್ಣತೆಯಲ್ಲಿ (ರೇಡಿಯೋ ಅಲೆಗಳ ಬಲವನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ ಇದು) ಒಂದು ತಗ್ಗು ಬಿತ್ತು. ಆಮೇಲೆ ಮೊದಲ ಕಪ್ಪು ಕುಳಿಗಳ ಎಕ್ಸ್-ಕಿರಣಗಳು ಅನಿಲವನ್ನು ಕಾಯಿಸಿದವು, ತಗ್ಗು ಮುಚ್ಚಿತು.

ಆ ತಗ್ಗಿನ ಜಾಗ, ಆಳ, ಅಗಲ ಗೊತ್ತಾದರೆ ಮೊದಲ ನಕ್ಷತ್ರಗಳು ಯಾವಾಗ ಹುಟ್ಟಿದವು, ಎಷ್ಟು ವೇಗವಾಗಿ ಹೆಚ್ಚಿದವು, ಅನಿಲ ಯಾವಾಗ ಕಾಯಿತು ಎಂಬುದೆಲ್ಲ ಗೊತ್ತಾಗುತ್ತದೆ. ಒಂದೊಂದು ಕಂಪನಾಂಕದಲ್ಲಿ ಈ ಉಷ್ಣತೆ ಎಷ್ಟು ಎಂದು ಗೆರೆ ಎಳೆದರೆ, ಎಲ್ಲ ಆ ಒಂದು ಗೆರೆಯಲ್ಲೇ ಇದೆ.

ಆಸ್ಟ್ರೇಲಿಯಾದಿಂದ ಬಂದ ಸುದ್ದಿ

ಮೊದಲ ನಕ್ಷತ್ರಗಳ ಕಾಲದಿಂದ ಹೊರಟ ಅಲೆ ನಮ್ಮನ್ನು ಮುಟ್ಟುವಷ್ಟರಲ್ಲಿ ವಿಶ್ವದ ಜೊತೆ ತಾನೂ 18 ಪಟ್ಟು ಉದ್ದವಾಗಿರುತ್ತದೆ. 21 ಸೆಂಟಿಮೀಟರ್ ಇದ್ದದ್ದು ನಾಲ್ಕು ಮೀಟರ್ ಹತ್ತಿರ ಹತ್ತಿರ ಆಗುತ್ತದೆ. 1,420 ಮೆಗಾಹರ್ಟ್ಸ್ ಇಳಿದು ಸುಮಾರು 78 ಆಗುತ್ತದೆ. ನಿಮ್ಮ ಎಫ್‌ಎಂ ರೇಡಿಯೋ ಸ್ಟೇಷನ್‌ಗಳು 88ರಿಂದ 108ರವರೆಗೆ ಇರುತ್ತವೆ, ಅಲ್ವಾ? ಅವಕ್ಕಿಂತ ಸ್ವಲ್ಪವೇ ಕೆಳಗೆ. ತೊಂದರೆ ಎಲ್ಲಿ ಶುರುವಾಗುತ್ತದೆ ಎಂದು ಇಲ್ಲೇ ಗೊತ್ತಾಗುತ್ತದೆ.

ಮನುಷ್ಯರ ಗದ್ದಲವನ್ನು ಬಿಟ್ಟು ದೂರ ಹೋಗಬಹುದು. ಆದರೆ ನಮ್ಮ ಆಕಾಶಗಂಗೆಯನ್ನು ಬಿಟ್ಟು ಎಲ್ಲಿಗೆ ಹೋಗುವುದು? ಅದರೊಳಗೆ ವೇಗವಾಗಿ ಓಡುವ ಎಲೆಕ್ಟ್ರಾನ್‌ಗಳು ಹೊರಡಿಸುವ ರೇಡಿಯೋ ಅಲೆಗಳು ಈ ಕಂಪನಾಂಕದಲ್ಲಿ ಸಾವಿರಾರು ಕೆಲ್ವಿನ್‌ನಷ್ಟಿವೆ. ನಾವು ಹುಡುಕುವ ತಗ್ಗು ಒಂದು ಕೆಲ್ವಿನ್‌ಗಿಂತ ಬಹಳ ಕಡಿಮೆ. ಲೋಡ್ ತುಂಬಿದ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಆ ತೂಕ ನೋಡಿ, ಡ್ರೈವರ್ ತಂದ ಬುತ್ತಿಯಲ್ಲಿ ಊಟ ಇದೆಯೋ ಖಾಲಿಯಾಗಿದೆಯೋ ಹೇಳಿ ಅಂದರೆ ಹೇಗಿರುತ್ತದೆ? ಇದು ಅಂಥ ಕೆಲಸ.

ಇಂಥ ಕೆಲಸದಲ್ಲಿ ಗೆದ್ದಿದ್ದೇವೆ ಎಂದು 2018ರಲ್ಲಿ ಎಡ್ಜಸ್ ಎಂಬ ತಂಡ ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜಡ್ ಬೋಮನ್ ಅದರ ಮುಖ್ಯಸ್ಥರು. ಆಂಟೆನಾ ಇದ್ದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ನಿರ್ಜನ ಪ್ರದೇಶದಲ್ಲಿ. 78 ಮೆಗಾಹರ್ಟ್ಸ್‌ನಲ್ಲಿ ತಗ್ಗು ಇದೆ, ಅದರ ಆಳ ಅರ್ಧ ಕೆಲ್ವಿನ್ ಎಂದು ಅವರು ತೋರಿಸಿದರು. ಮೊದಲ ನಕ್ಷತ್ರಗಳ ಗುರುತು ಸಿಕ್ಕಿತು ಎಂಬ ಸಂಭ್ರಮ ಒಂದು ಕಡೆ. ಇನ್ನೊಂದು ಕಡೆ ದಿಗಿಲು. ಯಾಕೆಂದರೆ ನಮಗೆ ಗೊತ್ತಿರುವ ಭೌತಶಾಸ್ತ್ರದ ಪ್ರಕಾರ ಆ ತಗ್ಗು ಸುಮಾರು 0.2 ಕೆಲ್ವಿನ್‌ಗಿಂತ ಆಳ ಇರುವ ಹಾಗಿಲ್ಲ. ಅರ್ಧ ಕೆಲ್ವಿನ್ ಆಗಬೇಕಾದರೆ ಅನಿಲ ನಾವು ಅಂದುಕೊಂಡದ್ದಕ್ಕಿಂತ ತುಂಬಾ ತಣ್ಣಗಿರಬೇಕು, ಇಲ್ಲವೇ ಆಗ ಹಿನ್ನೆಲೆಯಲ್ಲಿ ಬೇರೆ ರೇಡಿಯೋ ಅಲೆಗಳೂ ಇರಬೇಕು. ಇಸ್ರೇಲಿನ ರೆನ್ನನ್ ಬರ್ಕಾನಾ ಒಂದು ದಿಟ್ಟ ಊಹೆ ಮುಂದಿಟ್ಟರು: ಡಾರ್ಕ್ ಮ್ಯಾಟರ್ ಅನಿಲಕ್ಕೆ ತಾಕಿ ಅದರ ಬಿಸಿಯನ್ನು ಎಳೆದುಕೊಂಡಿರಬಹುದೇ? ಹಾಗಾಗಿದ್ದರೆ ಅದು ಡಾರ್ಕ್ ಮ್ಯಾಟರ್ ಎಂಥದ್ದು ಎಂಬುದಕ್ಕೆ ಸಿಕ್ಕ ಮೊದಲ ನೇರ ಸುಳಿವಾಗುತ್ತಿತ್ತು. ನೂರಾರು ಲೇಖನಗಳು ಬಂದವು.

ಅನುಮಾನಗಳೂ ಬಂದವು. ಕೇಂಬ್ರಿಡ್ಜ್‌ನ ರಿಚರ್ಡ್ ಹಿಲ್ಸ್ ಮತ್ತು ಜೊತೆಗಾರರು ಅದೇ ಅಂಕಿಅಂಶಗಳನ್ನು ಮತ್ತೆ ಪರೀಕ್ಷಿಸಿದರು. ಆಕಾಶಗಂಗೆಯ ಭಾಗವನ್ನು ಕಳೆಯುವ ರೀತಿ ಬದಲಾದರೆ ತಗ್ಗಿನ ಆಕಾರವೂ ಬದಲಾಗುತ್ತದೆ ಎಂದು ತೋರಿಸಿದರು. ಇನ್ನು ಕೆಲವರು ಆಂಟೆನಾದ ಕೆಳಗಿನ ನೆಲವನ್ನೇ ಶಂಕಿಸಿದರು. ಎಡ್ಜಸ್ ಆಂಟೆನಾದ ಕೆಳಗೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಲೋಹದ ಜಾಲರಿ ಹಾಸಿದ್ದರು. ಅದರ ಅಂಚಿನಿಂದ, ಅದರಡಿಯ ಮಣ್ಣಿನಿಂದ ಅಲೆಗಳು ಮರಳಿ ಬಂದು ತಗ್ಗಿನಂಥ ಆಕಾರವನ್ನು ಸೃಷ್ಟಿಸಬಹುದಲ್ಲವೇ?

ಇದನ್ನು ವಾದದಿಂದ ಬಗೆಹರಿಸಲಾಗುವುದಿಲ್ಲ. ಇನ್ನೊಂದು ಬಗೆಯ ಉಪಕರಣ ಕಟ್ಟಿ, ಇನ್ನೊಂದು ಜಾಗದಲ್ಲಿಟ್ಟು ಅಳೆಯಬೇಕು.

ಮಣ್ಣಿನಿಂದ ನೀರಿಗೆ

ರಾಮನ್ ಸಂಸ್ಥೆಯವರು ಈ ಸುದ್ದಿ ಬಂದ ಮೇಲೆ ಕೆಲಸ ಶುರು ಮಾಡಿದವರಲ್ಲ. ಸರಸ್ ಆಂಟೆನಾದ ಮೊದಲ ಆವೃತ್ತಿ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿತ್ತು. ಎರಡನೆಯದನ್ನು ಆಂಧ್ರದ ಟಿಂಬಕ್ಟು ಎಂಬಲ್ಲಿ ಇಟ್ಟು ಅಳೆದು, 2017ರಲ್ಲೇ ಕೆಲವು ಸಿದ್ಧಾಂತಗಳನ್ನು ಪಕ್ಕಕ್ಕಿಟ್ಟಿದ್ದರು. ರವಿ ಸುಬ್ರಹ್ಮಣ್ಯನ್, ಉದಯ ಶಂಕರ್, ಸೌರಭ್ ಸಿಂಗ್, ಮಯೂರಿ ರಾವ್, ಜೊತೆಗೆ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ವಿಭಾಗದವರು ಸೇರಿ ವರ್ಷಗಟ್ಟಲೆ ತಿದ್ದಿ ತೀಡಿದ ಉಪಕರಣ ಇದು. ಇಂಥ ಪ್ರಯೋಗಗಳಲ್ಲಿ ಬೆಸುಗೆ ಹಾಕುವವರ, ಲೋಹ ಕತ್ತರಿಸುವವರ ಕೈಚಳಕಕ್ಕೆ ಸಿದ್ಧಾಂತದಷ್ಟೇ ಬೆಲೆ ಇದೆ. ಒಂದು ಜೋಡಣೆ ಸ್ವಲ್ಪ ಸಡಿಲವಾಗಿದ್ದರೂ ಅದು ಗೆರೆಯಲ್ಲಿ ಕಾಣಿಸಿಕೊಂಡೀತು.

ಅವರು ಹಿಡಿದ ದಾರಿ ನನಗೆ ತುಂಬಾ ಇಷ್ಟ. ಆಕಾಶಗಂಗೆಯ ಗದ್ದಲ ಎಷ್ಟೇ ಜೋರಾಗಿದ್ದರೂ ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಅದು ನಯವಾಗಿ ಇಳಿಯುತ್ತದೆ, ಮಧ್ಯದಲ್ಲಿ ಏರುಪೇರಿಲ್ಲ. ಹಾಗಾದರೆ ಉಪಕರಣವೂ ಅಷ್ಟೇ ನಯವಾಗಿರಬೇಕು. ತನ್ನದೇ ಆದ ಏರುಪೇರನ್ನು ಸೇರಿಸಬಾರದು. ಅದಕ್ಕಾಗಿ ಅವರು ಅಲೆಯ ಉದ್ದಕ್ಕೆ ಹೋಲಿಸಿದರೆ ಚಿಕ್ಕದಾದ ಆಂಟೆನಾ ಮಾಡಿದರು. ಲೋಹದ ಚಪ್ಪಟೆ ತಟ್ಟೆಯ ಮೇಲೆ ತಲೆಕೆಳಗಾಗಿ ನಿಂತ ಶಂಕು. ಚಿಕ್ಕ ಆಂಟೆನಾ ಕಡಿಮೆ ಅಲೆ ಹಿಡಿಯುತ್ತದೆ. ಹಿಡಿದದ್ದು ಕಡಿಮೆಯಾದರೂ ಪರವಾಗಿಲ್ಲ, ನಡವಳಿಕೆ ಮಾತ್ರ ನೇರವಾಗಿರಲಿ ಎಂದು ತೀರ್ಮಾನಿಸಿದರು.

ಉಳಿದದ್ದು ನೆಲದ ಸಮಸ್ಯೆ. ಆಂಟೆನಾ ಮೇಲಕ್ಕಷ್ಟೇ ನೋಡುವುದಿಲ್ಲ, ಕೆಳಗಿನಿಂದಲೂ ಅದಕ್ಕೆ ಅಲೆಗಳು ಬರುತ್ತವೆ. ನೆಲ ಅಂದರೆ ಮೇಲೆ ಒಣಮಣ್ಣು, ಅದರಡಿ ಹಸಿಮಣ್ಣು, ಆಮೇಲೆ ಬಂಡೆ. ಒಂದೊಂದು ಪದರವೂ ಅಲೆಯನ್ನು ಒಂದೊಂದು ರೀತಿ ತಿರುಗಿಸಿ ಕಳಿಸುತ್ತದೆ. ಮಳೆ ಬಂದರೆ ಲೆಕ್ಕವೇ ಬದಲು. ನೀರಿನಲ್ಲಿ ಈ ರಗಳೆ ಇಲ್ಲ. ಸಾಕಷ್ಟು ಆಳ ಇರುವ ಸಿಹಿನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಅದರ ಗುಣಗಳನ್ನು ಅಳೆದು ಲೆಕ್ಕಕ್ಕೆ ಸೇರಿಸಬಹುದು. ಆದ್ದರಿಂದ ತೆಪ್ಪ, ಆದ್ದರಿಂದ ಕೆರೆ. ಈ ಬಗೆಯ ಅಳತೆಗೆ ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟದ್ದು ಜಗತ್ತಿನಲ್ಲಿ ಇದೇ ಮೊದಲು.

ಶರಾವತಿ ಹಿನ್ನೀರಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅಲ್ಲಿ ರೇಡಿಯೋ ಗದ್ದಲ ಕಡಿಮೆ. ಪಶ್ಚಿಮ ಘಟ್ಟದ ಗುಡ್ಡಗಳು ಸುತ್ತ ನಿಂತು ದೂರದ ಟ್ರಾನ್ಸ್‌ಮಿಟರ್‌ಗಳನ್ನು ತಡೆಯುತ್ತವೆ. ಶಿವಮೊಗ್ಗದ ಕಡೆಯವರಿಗೆ ಆ ನೀರನ್ನು ನೋಡಿದರೆ ಮೊದಲು ನೆನಪಾಗುವುದು ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಮನೆ, ಗದ್ದೆ, ತೋಟಗಳು ಅದರ ಅಡಿಗೆ ಹೋದವು. ಅಲ್ಲಿ ನಡೆದ ವಿಜ್ಞಾನದ ಬಗ್ಗೆ ಹೆಮ್ಮೆಯಿಂದ ಹೇಳುವಾಗಲೂ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಈಗ ಫಲಿತಾಂಶ. 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಅಳತೆಗಳನ್ನು ಸೋಸಿ, ಆಕಾಶಗಂಗೆಯ ಭಾಗವನ್ನು ಕಳೆದು ನೋಡಿದಾಗ, ಎಡ್ಜಸ್ ಹೇಳಿದ ಆ ಅರ್ಧ ಕೆಲ್ವಿನ್ ತಗ್ಗು ಇರಲಿಲ್ಲ. ಅಂಥ ತಗ್ಗು ಆಕಾಶದಲ್ಲಿ ನಿಜವಾಗಿ ಇದ್ದಿದ್ದರೆ ಸರಸ್-3ಕ್ಕೆ ಕಾಣಬೇಕಿತ್ತು. ಎಡ್ಜಸ್ ತೋರಿಸಿದ ಆಕಾರವನ್ನು ಶೇಕಡಾ 95.3ರಷ್ಟು ವಿಶ್ವಾಸದಿಂದ ತಳ್ಳಿಹಾಕುತ್ತೇವೆ ಎಂದು ತಂಡ ಬರೆಯಿತು. ಈ ಅಂಕಿಯನ್ನು ದಯವಿಟ್ಟು ಗಮನಿಸಿ. ಅದು ನೂರಲ್ಲ. ಭೌತಶಾಸ್ತ್ರದಲ್ಲಿ ಹೊಸದೊಂದನ್ನು ಕಂಡುಹಿಡಿದೆವು ಎಂದು ಹೇಳಲು ಇದಕ್ಕಿಂತ ಎಷ್ಟೋ ಹೆಚ್ಚಿನ ವಿಶ್ವಾಸ ಕೇಳುತ್ತಾರೆ. ಎಡ್ಜಸ್ ತಂಡ ಸುಮ್ನೆ ಕೂತಿಲ್ಲ, ಉಪಕರಣವನ್ನು ಹೊಸದಾಗಿ ಕಟ್ಟಿ ಮತ್ತೆ ಅಳೆಯುತ್ತಿದೆ. ದಕ್ಷಿಣ ಆಫ್ರಿಕಾದ ಕರೂ ಮರುಭೂಮಿಯಲ್ಲಿ ರೀಚ್ ಎಂಬ ಇನ್ನೊಂದು ಪ್ರಯೋಗ ಇದೆ.

ಪತ್ರಿಕೆಗಳಲ್ಲಿ ಇದು ಭಾರತ ಗೆದ್ದಿತು, ಅಮೆರಿಕ ಸೋತಿತು ಅನ್ನುವ ಧಾಟಿಯಲ್ಲಿ ಬಂದರೆ ನನಗೆ ಬೇಸರವಾಗುತ್ತದೆ. ಎಡ್ಜಸ್‌ನವರು ತಮ್ಮ ಅಳತೆಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಅದರಿಂದಲೇ ಬೇರೆಯವರು ಪರೀಕ್ಷಿಸಲು ಆಯಿತು.

ಇನ್ನು ‘ಇಲ್ಲ’ ಅನ್ನುವ ಉತ್ತರದಿಂದ ಏನು ಸಿಕ್ಕಿತು ನೋಡಿ. 2022ರ ನವೆಂಬರಿನಲ್ಲಿ ಕೇಂಬ್ರಿಡ್ಜ್‌ನ ಹ್ಯಾರಿ ಬೆವಿನ್ಸ್ ಮತ್ತು ರಾಮನ್ ಸಂಸ್ಥೆಯವರು ಸೇರಿ ಅದೇ ಶರಾವತಿಯ ಅಳತೆಗಳನ್ನು ಇಟ್ಟುಕೊಂಡು ಇನ್ನೊಂದು ಲೇಖನ ಬರೆದರು. ಮೊದಲ ಗ್ಯಾಲಕ್ಸಿಗಳು ರೇಡಿಯೋ ಅಲೆಗಳಲ್ಲಿ ಈಗಿನವಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಖರವಾಗಿದ್ದು, ತಮ್ಮಲ್ಲಿದ್ದ ಅನಿಲದ ಶೇಕಡಾ 5ಕ್ಕಿಂತ ಹೆಚ್ಚನ್ನು ನಕ್ಷತ್ರಗಳಾಗಿ ಮಾಡಿದ್ದರೆ, ಆಳವಾದ ತಗ್ಗು ಕಾಣಬೇಕಿತ್ತು. ಕಾಣಲಿಲ್ಲ. ಆದ್ದರಿಂದ ಬಿಗ್ ಬ್ಯಾಂಗ್ ಆಗಿ 20 ಕೋಟಿ ವರ್ಷದ ಹೊತ್ತಿಗೆ ಅಂಥ ಗ್ಯಾಲಕ್ಸಿಗಳು ಇದ್ದ ಸಾಧ್ಯತೆ ಕಡಿಮೆ. ಯಾರೂ ಕಣ್ಣಾರೆ ಕಾಣದ ಗ್ಯಾಲಕ್ಸಿಗಳ ಬಗ್ಗೆ, ಹಿನ್ನೀರಿನ ಮೇಲೆ ತೇಲಿದ ಒಂದು ಶಂಕು ಇಷ್ಟು ಹೇಳಿತು!

ವೆಬ್ ನೋಡುತ್ತಿರುವುದು

ಜೇಮ್ಸ್ ವೆಬ್ ಹಾರಿದ್ದು 2021ರ ಡಿಸೆಂಬರ್ 25ರಂದು. 2024ರಲ್ಲಿ ಅದು ಗುರುತಿಸಿದ ಜೇಡ್ಸ್-ಜಿಎಸ್-ಝಡ್14-0 ಎಂಬ ಗ್ಯಾಲಕ್ಸಿಯ ಬೆಳಕು ಹೊರಟದ್ದು ಬಿಗ್ ಬ್ಯಾಂಗ್ ಆಗಿ ಸುಮಾರು 30 ಕೋಟಿ ವರ್ಷಕ್ಕೆ. ಮರುವರ್ಷ ಚಿಲಿಯ ಆಲ್ಮಾ ರೇಡಿಯೋ ಟೆಲಿಸ್ಕೋಪ್ ಅದರಲ್ಲಿ ಆಮ್ಲಜನಕ ಇರುವುದನ್ನು ಪತ್ತೆ ಮಾಡಿತು. ಅಂದರೆ ಅಷ್ಟು ಬೇಗ ಅಲ್ಲಿ ನಕ್ಷತ್ರಗಳ ಒಂದು ತಲೆಮಾರು ಹುಟ್ಟಿ ಸತ್ತಿತ್ತು. 2025ರಲ್ಲಿ ಇನ್ನೂ ಹಳೆಯದು ಸಿಕ್ಕಿತು, ಮಾಮ್-ಝಡ್14, ಸುಮಾರು 28 ಕೋಟಿ ವರ್ಷದ್ದು. ಇವು ನಿರೀಕ್ಷೆಗಿಂತ ಪ್ರಖರವಾಗಿವೆ, ನಿರೀಕ್ಷೆಗಿಂತ ಸಂಖ್ಯೆಯಲ್ಲೂ ಜಾಸ್ತಿ. ಅದೇ ವರ್ಷ ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ಸಂಶೋಧಕರು ವೆಬ್ ಚಿತ್ರಗಳಲ್ಲಿ ಒಂದು ಸುರುಳಿ ಗ್ಯಾಲಕ್ಸಿಯನ್ನು ಕಂಡು ಅಲಕನಂದಾ ಎಂದು ಹೆಸರಿಟ್ಟರು. ವಿಶ್ವಕ್ಕೆ 150 ಕೋಟಿ ವರ್ಷವಾಗಿದ್ದಾಗಲೇ ಅದರ ಎರಡು ತೋಳುಗಳು ಅಚ್ಚುಕಟ್ಟಾಗಿ ಬೆಳೆದು ನಿಂತಿದ್ದವು.

ವೆಬ್ ಇದ್ದ ಮೇಲೆ ಹೈಡ್ರೋಜನ್ ತಗ್ಗು ಯಾಕೆ ಬೇಕು ಎಂದು ಕೇಳಬಹುದು. ವೆಬ್ ನೋಡುವುದು ಆ ಕಾಲದ ಅತಿ ಪ್ರಖರ ಗ್ಯಾಲಕ್ಸಿಗಳನ್ನು. ಊರಿಗೊಬ್ಬರಂತೆ ಶ್ರೀಮಂತರನ್ನು ಮಾತಾಡಿಸಿ ಇಡೀ ಊರಿನ ಬದುಕನ್ನು ಹೇಳಲಾಗುವುದಿಲ್ಲ. ಹೈಡ್ರೋಜನ್ ಎಲ್ಲ ನಕ್ಷತ್ರಗಳ ಬೆಳಕಿಗೂ ಒಟ್ಟಾಗಿ ಸ್ಪಂದಿಸುತ್ತದೆ, ಎಂದೂ ಕಾಣಸಿಗದ ಪುಟ್ಟವುಗಳಿಗೂ ಸೇರಿಸಿ. ಅದೂ ವೆಬ್ ಈಗ ಮುಟ್ಟಿರುವುದಕ್ಕಿಂತ ಹತ್ತು ಕೋಟಿ ವರ್ಷ ಹಿಂದಿನ ಕಾಲದಲ್ಲಿ.

ಮುಂದಿನ ಹೆಜ್ಜೆಗೆ ರಾಮನ್ ಸಂಸ್ಥೆಯವರು ಚಂದ್ರನ ಕಡೆ ನೋಡುತ್ತಿದ್ದಾರೆ. ಪ್ರತುಷ್ ಎಂಬ ಯೋಜನೆ ಅದು. ಇಸ್ರೋ ನೆರವಿನಿಂದ ಪೂರ್ವಸಿದ್ಧತೆ ನಡೆದಿದೆ. ಚಂದ್ರನನ್ನು ಸುತ್ತುವ ಉಪಗ್ರಹ ಚಂದ್ರನ ಆಚೆ ಬದಿಗೆ ಹೋದಾಗ ಇಡೀ ಚಂದ್ರನೇ ಅಡ್ಡಗೋಡೆಯಾಗುತ್ತದೆ. ನಮ್ಮ ಎಫ್‌ಎಂ, ಟಿವಿ, ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ರೇಡಿಯೋ ಅಲೆಗಳ ದಾರಿ ಕೆಡಿಸುವ ಭೂಮಿಯ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರದ) ಕಾಟ ಇಲ್ಲ. ಕೆಳಗೆ ಮಣ್ಣೂ ಇಲ್ಲ, ನೀರೂ ಇಲ್ಲ. ಆದರೆ ಅಲ್ಲಿಗೆ ತೂಕದ ಉಪಕರಣ ಒಯ್ಯಲಾಗುವುದಿಲ್ಲ. ಅದಕ್ಕಾಗಿ ಅಂಗೈಯಗಲದ ಪುಟ್ಟ ಕಂಪ್ಯೂಟರಿನಿಂದ ನಡೆಯುವ ರಿಸೀವರ್ ಮಾಡಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆ. ಮುಂದೆ ಯಾರಿಗಾದರೂ ತಗ್ಗು ಕಂಡರೆ ಅದು ನಿಜವೆಂದು ಹೇಗೆ ನಂಬುವುದು? ಒಂದು ಪರೀಕ್ಷೆ ಹೀಗಿದೆ. ಆಕಾಶಗಂಗೆ ದಿನಕ್ಕೊಮ್ಮೆ ನೆತ್ತಿಯ ಮೇಲೆ ಬಂದು ಹೋಗುತ್ತದೆ. ಅದು ಮೇಲಿದ್ದಾಗ ಗದ್ದಲ ಹೆಚ್ಚು, ಇಳಿದಾಗ ಕಡಿಮೆ. ಉಪಕರಣದ ದೋಷದಿಂದ ಹುಟ್ಟಿದ ತಗ್ಗು ಈ ಏರಿಳಿತದ ಜೊತೆ ತಾನೂ ಏರಿಳಿಯುತ್ತದೆ. ಮೊದಲ ನಕ್ಷತ್ರಗಳ ಗುರುತು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಬರುವುದರಿಂದ, ಯಾವ ಹೊತ್ತಿನಲ್ಲಿ ಅಳೆದರೂ ಅದರ ಆಳ ಅಷ್ಟೇ ಇರಬೇಕು. ಇನ್ನೊಂದು ಪರೀಕ್ಷೆ ಜಾಗದ್ದು. ಮಣ್ಣಿನ ದೋಷ ಬೇರೆ, ನೀರಿನ ದೋಷ ಬೇರೆ, ಉಪಗ್ರಹದ ದೋಷ ಬೇರೆ. ಆಸ್ಟ್ರೇಲಿಯಾದ ನೆಲದ ಮೇಲೆ, ಮಲೆನಾಡಿನ ನೀರಿನ ಮೇಲೆ, ಚಂದ್ರನ ಆಚೆ ಬದಿಯಲ್ಲಿ, ಮೂರೂ ಕಡೆ ಒಂದೇ ಮೆಗಾಹರ್ಟ್ಸ್‌ನಲ್ಲಿ ಒಂದೇ ಆಳದ ತಗ್ಗು ಕಂಡರೆ, ಆಗ ನಾನು ನಂಬುತ್ತೇನೆ.